ಕುಮ್‌ಹೆಲಿಗ್ ಬಾವುಟ

"ಕೊನೇ ಸಾಲು ಒಂದ್ಸಲ ಓದಿ ನೋಡೆ, ಕಾಗುಣಿತ ಸರಿ ಇದ್ಯಾ ಅಂತ," ಎಂದು ನೆಸ್ಟಾ ಬಿಳಿ ರಟ್ಟಿನ ತುಂಡೊಂದನ್ನು ಮೇಜಿನ ಮೇಲೆ ಮೆನ್ನಾಳ ಕಡೆಗೆ ಸರಿಸಿದಳು.

ಗಣಿ ಕಾರ್ಮಿಕರ ಭವನದ ಮೇಲಿನ ಸಭಾಂಗಣದಲ್ಲಿ ಹಳೆಯ ಗೆಳತಿಯರಿಬ್ಬರೇ ಇದ್ದರು. ಕುಮ್‌ಹೆಲಿಗ್ ಊರವರ ಬಾಯಲ್ಲಿ ಅದು ಬರೀ 'ಸ್ಟೂಟ್'. ದೊಡ್ಡ ಮುಷ್ಕರ ಮುಗಿದು ಮೂವತ್ತು ವರ್ಷವಾದ ನೆನಪಿಗೆ ಬರುವ ಶನಿವಾರ ಅಲ್ಲಿ ಪ್ರದರ್ಶನವಿತ್ತು. ಗೋಡೆಯುದ್ದಕ್ಕೂ ಫೋಟೋಗಳು, ಗಾಜಿನ ಪೆಟ್ಟಿಗೆಯೊಳಗೆ ಗಣಿದೀಪಗಳು, ಕಾರ್ಮಿಕರ ನಂಬರು ಕೊರೆದ ಹಿತ್ತಾಳೆ ಬಿಲ್ಲೆಗಳು, ಯಾರದೋ ತಾತನ ಊಟದ ಡಬ್ಬಿ. ವೇದಿಕೆಯ ಹಿಂದಿನ ದೊಡ್ಡ ಗೋಡೆಯನ್ನು ಮಾತ್ರ ನೆಸ್ಟಾ ಬೇಕೆಂದೇ ಖಾಲಿ ಬಿಟ್ಟಿದ್ದಳು. ಸಂಘದ ಬಾವುಟ ತೂಗಬೇಕಾಗಿದ್ದ ಗೋಡೆ ಅದು. ಅದರ ನಡುವೆ ಈ ರಟ್ಟೊಂದನ್ನೇ ಅಂಟಿಸುವುದು ಅವಳ ಯೋಚನೆ.

ಮೆನ್ನಾ ಕನ್ನಡಕ ಒರೆಸಿಕೊಂಡು ಓದಿದಳು. ಬಾವುಟವನ್ನು ಯಾವ ವರ್ಷ ಮಾಡಿಸಿದ್ದು, ಕೆಂಪು ರೇಷ್ಮೆಯ ಮೇಲೆ ಚಿತ್ರ ಬರೆದವನು ಯಾರು, ಎಲ್ಲೆಲ್ಲಿ ಮೆರವಣಿಗೆ ಹೋಗಿತ್ತು, ಎಲ್ಲವೂ ಇತ್ತು. ಕೊನೆಯ ಸಾಲು ಹೀಗಿತ್ತು: 'ಮುಷ್ಕರ ಮುರಿದು ಕೆಲಸಕ್ಕೆ ಹೋದ ಹೇಡನ್ ಪ್ರಾಸರ್ ೧೯೮೫ರ ಫೆಬ್ರವರಿಯಲ್ಲಿ ಇದನ್ನು ಕದ್ದು ನಾಶಮಾಡಿದನು.'

"ಹೆಸರು ಹಾಕ್ಲೇಬೇಕಾ?" ಎಂದು ಕೇಳಿದಳು ಮೆನ್ನಾ.

"ಗೊತ್ತಿಲ್ದೋರು ಯಾರಿದಾರೆ? ನಾವು ಹೋದ್ಮೇಲೆ ಹೇಳೋರು ಬೇಕಲ್ಲ," ಎಂದಳು ನೆಸ್ಟಾ. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಗಣಿ ಮುಚ್ಚಿದ ವರ್ಷ ಹೇಳಿದಷ್ಟೇ ಸಲೀಸಾಗಿ ಹೇಳಿದಳು.

ಕಾಗುಣಿತ ಸರಿಯಿದೆ ಎಂದು ಮೆನ್ನಾ ರಟ್ಟನ್ನು ಹಿಂದಕ್ಕೆ ಕೊಟ್ಟಳು. ಕೋಟು ಹಾಕಿಕೊಂಡು, ತಲೆನೋವು ಅಂದು ಮೆಟ್ಟಿಲಿಳಿದಳು. ರಸ್ತೆಗೆ ಬಂದ ಮೇಲೆ ಕಟ್ಟೆಗೆ ಕೈ ಊರಿ ಸ್ವಲ್ಪ ಹೊತ್ತು ನಿಲ್ಲಬೇಕಾಯಿತು. ಇಷ್ಟು ವರ್ಷ ಆ ಮಾತು ಬಾಯಿಂದ ಬಾಯಿಗೆ ಓಡಾಡಿಕೊಂಡಿತ್ತು. ಬಾಯಿಮಾತು ಒಂದಲ್ಲ ಒಂದು ದಿನ ಸವೆದು ಹೋದೀತು ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಈಗ ಅದು ಅಚ್ಚಾಗಿ ಗೋಡೆಗೆ ಏರುವುದರಲ್ಲಿತ್ತು.

ಬಾವುಟ ಅವಳ ಮನೆಯ ಅಟ್ಟದ ಮೇಲಿತ್ತು. ನೀರಿನ ತೊಟ್ಟಿಯ ಹಿಂದೆ, ಹಳೆಯ ಹೊದಿಕೆಯೊಂದರಲ್ಲಿ ಸುತ್ತಿಕೊಂಡು.

ಆ ಚಳಿಗಾಲದಲ್ಲಿ ಮೆನ್ನಾಗೆ ನಲವತ್ತೊಂದು. ಮುಷ್ಕರ ಹನ್ನೊಂದನೇ ತಿಂಗಳಿಗೆ ಬಿದ್ದಿತ್ತು. ಗಂಡ ಎಮ್ರಿಸ್ ಸಂಘದ ಕಾರ್ಯದರ್ಶಿ. ಅವನು ವಾರಗಟ್ಟಲೆ ದೂರದ ಊರುಗಳಲ್ಲಿ ಅಲೆದು ಹಿಟ್ಟು, ಡಬ್ಬಿ ಊಟ, ಮಕ್ಕಳ ಬೂಟು ಕೂಡಿಸಿಕೊಂಡು ಬರುತ್ತಿದ್ದ. ಮೆನ್ನಾ ಬೆಳಗಿನ ಜಾವಕ್ಕೇ ಎದ್ದು ಸ್ಟೂಟಿನ ಕೆಳಗಿನ ಅಡುಗೆಮನೆಗೆ ಹೋಗುತ್ತಿದ್ದಳು. ದಿನಕ್ಕೆ ಇನ್ನೂರು ಜನಕ್ಕೆ ಊಟ. ಒಂದು ಸೋಮವಾರ ಸಾಮಾನಿನ ಕೋಣೆಯಲ್ಲಿ ಆಲೂಗಡ್ಡೆ ಚೀಲ ಹುಡುಕುವಾಗ ಬಾವುಟದ ಪೆಟ್ಟಿಗೆಯಿಂದ ಮುಗ್ಗಲು ವಾಸನೆ ಬಂತು. ಹಿಂದಿನ ಶನಿವಾರದ ಮೆರವಣಿಗೆಯಲ್ಲಿ ಮಳೆಗೆ ತೊಯ್ದದ್ದನ್ನು ಗಂಡಸರು ಹಾಗೇ ಮಡಿಚಿ ಇಟ್ಟಿದ್ದರು. ಅಂಚಿನ ಕುಚ್ಚು ಅರ್ಧ ಕಿತ್ತುಹೋಗಿತ್ತು. ಯಾರಿಗೂ ಹೇಳದೆ ಅವಳು ಅದನ್ನು ಮನೆಗೆ ಹೊತ್ತುತಂದಳು. ಒಣಗಿಸಿ, ಕುಚ್ಚು ಹೊಲಿದು, ಎಮ್ರಿಸ್ ಬರುವಷ್ಟರಲ್ಲಿ ಹೊಸದರ ಹಾಗೆ ಮಾಡಿಡಬೇಕು ಎಂಬ ಆಸೆ.

ಅಗ್ಗಿಷ್ಟಿಕೆಯ ಮುಂದೆ ಎರಡು ಕುರ್ಚಿ ಎಳೆದು ಬಾವುಟವನ್ನು ಹರವಿದಳು. ಆಗ ಮನೆಮನೆಯಲ್ಲೂ ಉರಿಯುತ್ತಿದ್ದದ್ದು ಗಣಿಯ ಹಿಂದಿನ ಗುಡ್ಡೆಯಲ್ಲಿ ಹೆಕ್ಕಿ ತಂದ ಪುಡಿಗಲ್ಲಿದ್ದಲು. ಅರ್ಧ ಕಲ್ಲಿದ್ದಲು, ಅರ್ಧ ಬರೀ ಕಲ್ಲು. ಕಲ್ಲು ಕಾದರೆ ಪಟ್ಟೆಂದು ಸಿಡಿಯುತ್ತದೆ. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಸೂಜಿಗೆ ದಾರ ಪೋಣಿಸಿ, ಕುಚ್ಚು ಹೊಲಿದು ಮುಗಿಸಿ ಕೂತವಳಿಗೆ ಮಧ್ಯಾಹ್ನದ ಆ ಶಾಖಕ್ಕೆ ಕಣ್ಣು ಹತ್ತಿತು. ಎಚ್ಚರವಾದಾಗ ಬಣ್ಣ ಬಳಿದ ರೇಷ್ಮೆ ಎಣ್ಣೆಬತ್ತಿಯ ಹಾಗೆ ಉರಿಯುತ್ತಿತ್ತು. ಬರಿಗೈಯಲ್ಲಿ ಬಡಿದು ಆರಿಸಿದಳು. ನಡುವೆ ತೋಳುದ್ದದ ತೂತು ಬಿದ್ದಿತ್ತು. ಚಿತ್ರದ ಸೂರ್ಯ ಹೋಗಿದ್ದ. ಊರ ಹೆಸರಿನ ಮೊದಲರ್ಧ ಹೋಗಿತ್ತು. ಅಂಗೈ ಬೊಬ್ಬೆ ಎದ್ದಿದ್ದಕ್ಕೆ ಸೂಪಿನ ಹಂಡೆ ತಗುಲಿತು ಎಂದು ಎಲ್ಲರಿಗೂ ಹೇಳಿದಳು. ಅದು ಅವಳ ಮೊದಲ ಸುಳ್ಳು.

ಎಮ್ರಿಸ್ ಗುರುವಾರ ಬರುವವನಿದ್ದ. ಅವನಿಗೆ ಹೇಳಿದರಾಯಿತು, ಅವನೇ ಏನಾದರೂ ದಾರಿ ತೋರಿಸುತ್ತಾನೆ ಅಂದುಕೊಂಡಳು. ಗುರುವಾರ ಬೆಳಿಗ್ಗೆಯೇ ಊರು ಕುದಿಯತೊಡಗಿತು. ಹೇಡನ್ ಪ್ರಾಸರ್ ಕಿಟಕಿಗಳಿಗೆ ತಂತಿಬಲೆ ಹೊಡೆದ ಬಸ್ಸಿನಲ್ಲಿ ಕೂತು, ಪೊಲೀಸರ ನಡುವೆ ಕೆಲಸಕ್ಕೆ ಹೋಗಿದ್ದ. ಊರಿನಲ್ಲಿ ಹಾಗೆ ಹೋದವನು ಅವನೊಬ್ಬನೇ. ಹನ್ನೆರಡು ವರ್ಷ ಎಮ್ರಿಸನ ಜೋಡಿಯಾಗಿ ಬಾವುಟದ ಒಂದು ಗಳ ಹಿಡಿದವನು ಅವನೇ. ಅವನ ಹೆಂಡತಿ ಬೆರಿಲ್ ಆ ಚಳಿಗಾಲದಲ್ಲಿ ಎರಡು ಸಲ ಆಸ್ಪತ್ರೆ ಸೇರಿ ಬಂದಿದ್ದಳು. ಆದರೆ ಆ ದಿನ ಅದನ್ನು ನೆನೆಯುವವರು ಯಾರೂ ಇರಲಿಲ್ಲ. ಅವನ ಮನೆಯ ಕಿಟಕಿಗೆ ಕಲ್ಲು ಬಿತ್ತು. ಬಾಗಿಲ ಮೇಲೆ ಯಾರೋ 'ದ್ರೋಹಿ' ಎಂದು ಬಳಿದರು. ಎಮ್ರಿಸ್ ಮನೆಗೆ ಬಂದವನು ಊಟ ಮುಟ್ಟದೆ ಗೋಡೆ ನೋಡುತ್ತಾ ಕೂತ. ಮೆನ್ನಾ ಹೇಳಬೇಕೆಂದಿದ್ದನ್ನು ಬಿಟ್ಟು ಅವನ ತಟ್ಟೆ ಎತ್ತಿಟ್ಟಳು.

ಮುಂದಿನ ವಾರ ಪೆಟ್ಟಿಗೆ ತೆರೆದರೆ ಖಾಲಿ. ಸಾಮಾನಿನ ಕೋಣೆಯ ಬೀಗದ ಕೈ ಇದ್ದದ್ದು ಮೂರೇ: ಎಮ್ರಿಸನ ಹತ್ತಿರ ಒಂದು, ಹೆಂಗಸರ ಅಡುಗೆಮನೆಗೆ ಒಂದು, ಹೇಡನ್ ಹತ್ತಿರ ಒಂದು. ಮತ್ತೆ ಯೋಚಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. ಹೋಗಿ ಕೇಳಿದವರ ಮುಖವನ್ನು ಹೇಡನ್ ಸುಮ್ಮನೆ ನೋಡಿ ಬಾಗಿಲು ಹಾಕಿಕೊಂಡನಂತೆ. ಮಾಡಿಲ್ಲ ಎಂದು ಒಂದು ಮಾತೂ ಹೇಳಲಿಲ್ಲವಂತೆ. ಮಾರ್ಚಿನಲ್ಲಿ ಮುಷ್ಕರ ಸೋತು ಎಲ್ಲರೂ ಕೆಲಸಕ್ಕೆ ಮರಳಿದ ದಿನ, ಬೇರೆ ಊರುಗಳವರು ಬಾವುಟ ಹಿಡಿದು ವಾದ್ಯ ಬಾರಿಸಿಕೊಂಡು ತಲೆಯೆತ್ತಿ ನಡೆದರೆ, ಕುಮ್‌ಹೆಲಿಗ್‌ನವರು ಬರಿಗೈಯಲ್ಲಿ ನಡೆದರು. ಮೆನ್ನಾ ರಸ್ತೆಯ ಬದಿಯಲ್ಲಿ ನಿಂತು ಅದನ್ನು ನೋಡಿದಳು. ಅವತ್ತಿನ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಬೇಸಿಗೆಯಲ್ಲಿ ಪ್ರಾಸರ್ ದಂಪತಿ ಗುಡ್ಡದಾಚೆಯ ನಂತ್‌ಗೋಚ್‌ಗೆ ಹೊರಟುಹೋದರು. ಆ ವರ್ಷವೇ ಗಣಿಯನ್ನೂ ಮುಚ್ಚಿದರು.

ಎರಡು ವರ್ಷದ ಹಿಂದೆ ಎಮ್ರಿಸ್ ತೀರಿಕೊಂಡ. ಎದೆಯಲ್ಲಿ ಕಲ್ಲಿದ್ದಲ ಧೂಳು ತುಂಬಿ, ಕೊನೆಕೊನೆಗೆ ನಾಲ್ಕು ಮಾತಿಗೆ ಒಮ್ಮೆ ಉಸಿರೆಳೆಯುತ್ತಿದ್ದ. ಒಂದು ದಿನ ಇದ್ದಕ್ಕಿದ್ದ ಹಾಗೆ, ಹೇಡನ್ ಸಿಕ್ಕಿದ್ದರೆ ಒಂದೇ ಒಂದು ಕೇಳುತ್ತಿದ್ದೆ, ಕೆಲಸಕ್ಕೆ ಹೋದದ್ದಿರಲಿ, ಬಾವುಟ ಏನು ಮಾಡಿತ್ತು ಅವನಿಗೆ, ಅಂದಿದ್ದ. ಮೆನ್ನಾ ಅವನ ದಿಂಬು ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿಕೊಂಡಿದ್ದಳು.

ಇಷ್ಟೆಲ್ಲ ಕಟ್ಟೆಗೆ ಕೈ ಊರಿ ನಿಂತ ಆ ಐದು ನಿಮಿಷದಲ್ಲಿ ಅವಳ ತಲೆಯೊಳಗೆ ಹಾದುಹೋಯಿತು. ಮರುದಿನ ಬೆಳಿಗ್ಗೆ ಒಳ್ಳೆಯ ಬೂಟು ಹಾಕಿಕೊಂಡು ಗುಡ್ಡ ದಾಟುವ ಬಸ್ಸು ಹತ್ತಿದಳು. ಮೊದಲು ನೆಸ್ಟಾಗೆ ಹೇಳಬಹುದಿತ್ತು. ಅದು ಸುಲಭವೂ ಆಗುತ್ತಿತ್ತು. ಆದರೆ ಕೇಳುವ ಹಕ್ಕು ಮೊದಲು ಯಾರದು ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ನಂತ್‌ಗೋಚ್‌ನಲ್ಲಿ ಅಂಚೆ ಕಚೇರಿಯವಳು, ಈ ಹೊತ್ತಿನಲ್ಲಿ ಹೇಡನ್ ಮನೆಯಲ್ಲಿರುವುದಿಲ್ಲ, ರೈಲು ಹಳಿಯಿದ್ದ ಜಾಗದ ಪಕ್ಕ ಊರವರ ಕೈತೋಟಗಳಿವೆಯಲ್ಲ, ಅಲ್ಲಿ ನೋಡಿ ಎಂದಳು. ಮೆನ್ನಾ ಹೋದಾಗ ಅವನು ಮಣ್ಣಿನಿಂದ ಈರುಳ್ಳಿ ಜಾತಿಯ ಲೀಕ್ ಗಿಡ ಕೀಳುತ್ತಿದ್ದ. ಎಪ್ಪತ್ತೈದರ ಹತ್ತಿರ, ಭುಜ ಬಾಗಿತ್ತು, ಆದರೆ ಗಳ ಹಿಡಿಯುತ್ತಿದ್ದ ಆ ದೊಡ್ಡ ಕೈಗಳು ಹಾಗೇ ಇದ್ದವು. ಬೇಲಿಯ ಆಚೆ ನಿಂತವಳನ್ನು ನೋಡಿ ಅವನು ಸೆಟೆದು ನಿಂತ.

"ಯಾರು?" ಎಂದ.

"ಮೆನ್ನಾ ಹಾಪ್ಕಿನ್. ಎಮ್ರಿಸ್ ಹೆಂಡ್ತಿ."

"ನೀನ್ಯಾರು ಅಂತ ಗೊತ್ತು ಕಣೆ. ಯಾರು ಸತ್ರು ಅಂತ ಕೇಳಿದ್ದು. ಕುಮ್‌ಹೆಲಿಗ್‌ನೋರು ನನ್ನ ಹುಡ್ಕೊಂಡು ಬರ್ಬೇಕಾದ್ರೆ ಯಾರಾದ್ರೂ ಸತ್ತಿರ್ಲೇಬೇಕು."

"ಯಾರೂ ಸತ್ತಿಲ್ಲ," ಎಂದಳು ಮೆನ್ನಾ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಪೀಠಿಕೆಯೆಲ್ಲ ಮರೆತುಹೋಯಿತು. "ಬಾವುಟ ಸುಟ್ಟಿದ್ದು ನಾನು, ಹೇಡನ್."

ಅವನು ಕೈಯಲ್ಲಿದ್ದ ಲೀಕನ್ನು ಮೆಲ್ಲನೆ ಕೆಳಗಿಟ್ಟ. ಒಳಗೆ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಬೇಲಿಯ ಆಚೆಯೇ ನಿಂತು ಅವಳು ಎಲ್ಲ ಹೇಳಿದಳು. ಮುಗ್ಗಲು ವಾಸನೆ, ಎರಡು ಕುರ್ಚಿ, ಸೂಜಿ, ಸಿಡಿದ ಕಲ್ಲು, ಸೂಪಿನ ಹಂಡೆಯ ಸುಳ್ಳು, ಅಟ್ಟ. ನಿದ್ದೆ ಬಂದಿತ್ತು ಎಂಬುದನ್ನು ಎರಡು ಸಲ ಹೇಳಿದಳೆಂದು ಆಮೇಲೆ ಅವಳಿಗೇ ಅನಿಸಿ ನಾಚಿಕೆಯಾಯಿತು. ಮುಗಿದ ಮೇಲೆ ಅವನು ಒಂದೇ ಒಂದು ಪ್ರಶ್ನೆ ಕೇಳಿದ.

"ಯಾವ ದಿನ ಅಂದೆ?"

"ಸೋಮವಾರ. ನೀನು ಕೆಲಸಕ್ಕೆ ಹೋಗೋದಕ್ಕೆ ಮುಂಚೆ."

"ಗುರುವಾರ ಅಲ್ವಾ? ಸರಿಯಾಗಿ ಯೋಚ್ನೆ ಮಾಡಿ ಹೇಳು."

"ಸೋಮವಾರ. ಎಮ್ರಿಸ್ ಬರೋದು ಗುರುವಾರ ಅಂತ ನಾನು ದಿನ ಎಣಿಸ್ಕೊಂಡು ಕೂತಿದ್ದೆ."

ಹೇಡನ್ ತಿರುಗಿ ಹೋಗಿ ತೋಟದ ಮೂಲೆಯ ಹಲಗೆಯ ಗುಡಿಸಲು ಹೊಕ್ಕು ಬಾಗಿಲು ಹಾಕಿಕೊಂಡ. ಮೂವತ್ತು ವರ್ಷದ ಹಿಂದೆ ಕೇಳಲು ಹೋದವರ ಮುಂದೆ ಬಾಗಿಲು ಮುಚ್ಚಿದ್ದೂ ಹೀಗೆಯೇ ಇರಬೇಕು ಅಂದುಕೊಂಡಳು ಮೆನ್ನಾ. ಹೋಗಿಬಿಡಲು ಕಾಲು ಬರಲಿಲ್ಲ. ಪಕ್ಕದ ತೋಟದ ಮುದುಕನೊಬ್ಬ ಗೊಬ್ಬರ ಎರಚುತ್ತಾ ಅವಳನ್ನು ಮೂರು ಸಲ ನೋಡಿದ. ಅವಳು ಅವನಿಗೆ ಹವಾ ಚೆನ್ನಾಗಿದೆ ಅಂದಳು. ಅವನು ಹೌದು ಎಂದು ತಲೆಯಾಡಿಸಿದ.

ಹದಿನೈದು ನಿಮಿಷವಾದರೂ ಆಗಿರಬೇಕು. ಹೇಡನ್ ಎರಡು ತಗಡಿನ ಲೋಟದಲ್ಲಿ ಚಹಾ ಹಿಡಿದು ಹೊರಗೆ ಬಂದ. ಕಣ್ಣು ಕೆಂಪಗಿತ್ತು. ಬೇಲಿಯ ಬಾಗಿಲನ್ನು ಕಾಲಿನಿಂದ ತಳ್ಳಿ ತೆರೆದು, ತಲೆಕೆಳಗು ಮಾಡಿದ್ದ ಬಕೆಟ್ಟನ್ನು ಅವಳಿಗೆ ತೋರಿಸಿ, ತಾನು ಹಲಗೆಯ ಮೇಲೆ ಕೂತ.

"ಮೂವತ್ತು ವರ್ಷ ಬೇಕಾಯ್ತಾ ನಿಂಗೆ?"

"ಬೇಕಾಯ್ತು," ಎಂದಳು ಮೆನ್ನಾ.

"ಬೆರಿಲ್ ಇದ್ದಾಗ್ಲಾದ್ರೂ ಬಂದಿದ್ರೆ," ಎಂದವನು ಅಲ್ಲಿಗೇ ನಿಲ್ಲಿಸಿದ. ಬೆರಿಲ್ ತೀರಿಕೊಂಡು ಆರು ವರ್ಷವಾಗಿತ್ತು. ಮೆನ್ನಾ ತಲೆ ತಗ್ಗಿಸಿಕೊಂಡು ಆ ಅರ್ಧ ಮಾತನ್ನು ಪೂರ್ತಿಯಾಗಿಯೇ ಕೇಳಿಸಿಕೊಂಡಳು. ಬೈಸಿಕೊಳ್ಳಲೆಂದೇ ಬಂದವಳು ಅವಳು. ಬೈಗುಳ ಬಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆದರೆ ಹೇಡನ್ ಹೇಳಹೊರಟದ್ದು ಬೇರೆಯೇ ಇತ್ತು. ಅವನು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಲೀಕಿನ ಸಾಲುಗಳ ಕಡೆ ನೋಡುತ್ತಾ ನಿಧಾನವಾಗಿ ಹೇಳಿದ. ಅವನು ಕೆಲಸಕ್ಕೆ ಹೋದ ಆ ಗುರುವಾರ ಸಂಜೆ, ಕಿಟಕಿ ಒಡೆದ ಮೇಲೆ, ಬೆರಿಲ್ ಕೋಟೂ ಇಲ್ಲದೆ ಮನೆಯಿಂದ ಹೊರಗೆ ಹೋಗಿದ್ದಳು. ಹೋಗುವಾಗ, ಅವರ ಬಾವುಟಕ್ಕಿಷ್ಟು ಬೆಂಕಿ ಹಾಕಲಿ ಅಂದಿದ್ದಳು. ಎರಡು ಗಂಟೆ ಬಿಟ್ಟು ಬಂದಾಗ ಅವಳ ಕೂದಲಿನಲ್ಲಿ ಹೊಗೆಯ ವಾಸನೆ ಇತ್ತು. ಎಲ್ಲಿಗೆ ಹೋಗಿದ್ದೆ ಎಂದು ಅವನು ಕೇಳಲಿಲ್ಲ. ಮುಂದಿನ ವಾರ ಬಾವುಟ ಕಾಣೆಯಾಗಿದೆ ಎಂದು ಊರವರು ಬಾಗಿಲಿಗೆ ಬಂದಾಗ ಅವಳು ಹಿಂದೆಯೇ ನಿಂತಿದ್ದಳು. ಅವಳ ಮೈಯಲ್ಲಿ ಆಗ ಏನೂ ಉಳಿದಿರಲಿಲ್ಲ. ಇನ್ನೊಂದು ಮಾತು ತಡೆದುಕೊಳ್ಳುವ ಹಾಗಿರಲಿಲ್ಲ. ನಾನಲ್ಲ ಅಂದರೆ ಮತ್ಯಾರು ಅನ್ನುತ್ತಾರೆ. ಅದಕ್ಕೇ ಅವನು ಬಾಯಿ ತೆರೆಯದೆ ಬಾಗಿಲು ಹಾಕಿದ.

"ಅವಳೇ ಮಾಡಿದ್ದು ಅಂತ್ಲೇ ಇದ್ದೆ ನಾನು," ಎಂದ. "ಬೇಜಾರಿರ್ಲಿಲ್ಲ. ನಾನು ಬಸ್ ಹತ್ತಿದ್ದಕ್ಕೆ ತಾನೇ ಅವಳಿದ್ದ ಮನೆಗೆ ಆ ಕಲ್ಲು ಬಿದ್ದಿದ್ದು. ಆದ್ರೆ ಬಾವುಟ ಅಂದ್ರೆ ನಮ್ಮಪ್ಪನೂ ಹೊತ್ತಿದ್ದು ಅದನ್ನ. ಒಂದೊಂದ್ಸಲ ಅವಳು ಊಟಕ್ಕೆ ಬಡಿಸ್ತಿರುವಾಗ ಆ ಕೈ ನೋಡ್ತಿದ್ದೆ ಮೆನ್ನಾ. ಸುಮ್ನೆ ನೋಡ್ತಿದ್ದೆ."

ಮೆನ್ನಾ ಲೋಟದಲ್ಲಿ ಉಳಿದಿದ್ದ ಚಹಾ ಕುಡಿದಳು.

ಹೇಡನ್ ಲೋಟ ಕೆಳಗಿಟ್ಟ. ಮುಖದ ಮೇಲೆ ಏನೋ ಹೊಳೆದವನ ಚಹರೆ ಮೂಡಿತು. "ಆಸ್ಪತ್ರೇಲಿ," ಎಂದ, "ಕೊನೇ ವಾರ. ನನ್ನ ಕೈ ಹಿಡ್ಕೊಂಡು ಒಂದು ಮಾತು ಹೇಳಿದ್ಲು. 'ಬಾವುಟದ ವಿಷ್ಯ ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ, ಹೆದರ್ಬೇಡ' ಅಂತ. ಹೆದರ್ಬೇಡ ಅಂತ ನಂಗ್ಯಾಕೆ ಹೇಳ್ತಾಳೆ ಅಂತ ಆಗ ಅರ್ಥ ಆಗಿರ್ಲಿಲ್ಲ. ಔಷಧಿ ಮಂಪರಲ್ಲಿ ತಿರುಗಾಮುರುಗಾ ಮಾತಾಡ್ತಿದಾಳೆ ಅಂದ್ಕೊಂಡೆ."

ಅವನು ಮೆನ್ನಾಳ ಮುಖ ನೋಡಿದ. ಅವಳಿಗೂ ಅರ್ಥವಾಯಿತು.

"ಅವಳು ನಾನೇ ಅಂದ್ಕೊಂಡಿದ್ಲು," ಎಂದ ಹೇಡನ್. "ನನ್ನ ಕಾಪಾಡ್ತಾ ಇದ್ಲು ಕಣೆ, ಅಷ್ಟು ವರ್ಷ."

ಮೊದಲು ಅವನ ಭುಜ ಅಲುಗಿತು. ಅಳುತ್ತಿದ್ದಾನೆಂದು ಮೆನ್ನಾ ಎದ್ದು ನಿಂತಳು. ಅವನು ನಗುತ್ತಿದ್ದ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಕೆಮ್ಮು ಬಂದು ಉಸಿರು ಕಟ್ಟುವವರೆಗೂ ನಕ್ಕ. ಪಕ್ಕದ ತೋಟದ ಮುದುಕ ಗೊಬ್ಬರದ ಸಲಿಕೆ ನಿಲ್ಲಿಸಿ ನೋಡಿದ. ಒಂದೇ ಮಂಚದಲ್ಲಿ ಮಲಗಿ, ಒಂದೇ ಒಲೆಯ ಅನ್ನ ತಿಂದು, ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿದ್ದೆವು ಎಂದು ಅವನು ನಡುನಡುವೆ ಹೇಳಲು ನೋಡುತ್ತಿದ್ದ, ಮಾತು ಪೂರ್ತಿಯಾಗುತ್ತಿರಲಿಲ್ಲ. ನಗು ತಗ್ಗಿದ ಮೇಲೆ ತೋಳಿನಿಂದ ಮುಖ ಒರೆಸಿಕೊಂಡು, ಹಾಗಾದರೆ ಆ ಹೊಗೆ ಊರ ಚಿಮಣಿಗಳದ್ದು, ಅವತ್ತು ಅವಳು ಸುಮ್ಮನೆ ನಡೆದುಕೊಂಡು ಹೋಗಿದ್ದಳು ಅಷ್ಟೆ, ಅಂದ. ಅದನ್ನೇ ಮತ್ತೊಮ್ಮೆ, ರುಚಿ ನೋಡುವವನ ಹಾಗೆ, ಮೆಲ್ಲಗೆ ಹೇಳಿಕೊಂಡ.

ಶನಿವಾರ ಊರವರ ಮುಂದೆ ಎಲ್ಲವನ್ನೂ ಹೇಳುತ್ತೇನೆ ಎಂದಳು ಮೆನ್ನಾ. ಅದು ನಿನಗೆ ಬಿಟ್ಟದ್ದು ಎಂದ ಅವನು. ನೀನು ಬರುತ್ತೀಯಾ ಎಂದು ಕೇಳಿದ್ದಕ್ಕೆ ಉತ್ತರ ಕೊಡದೆ ಬಾವುಟದಲ್ಲಿ ಏನೇನು ಉಳಿದಿದೆ ಎಂದು ವಿಚಾರಿಸಿದ. ಗಂಡಸು, ಹೆಂಗಸು, ಮಗು ಮೂವರೂ ಇದ್ದಾರೆ, ಗಣಿಯ ಬಾಯಿ ಮೇಲಿನ ದೊಡ್ಡ ಗಾಲಿ ಇದೆ, ಸೂರ್ಯನಿಲ್ಲ ಎಂದಳು. ಕ್ಷಮಿಸಿದ್ದೇನೆ ಎಂದು ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಹೊರಡುವಾಗ ಮಣ್ಣು ಕೊಡವಿ ನಾಲ್ಕು ಲೀಕನ್ನು ಹಳೆಯ ಪೇಪರಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟ.

ಬಸ್ಸು ಗುಡ್ಡ ಏರುವಾಗ ಅವಳು ಕಿಟಕಿಗೆ ತಲೆ ಆನಿಸಿದ್ದಷ್ಟೇ ನೆನಪು. ಯಾರೋ ಭುಜ ಮುಟ್ಟಿದಂತಾಗಿ ಕಣ್ಣು ಬಿಟ್ಟರೆ ಡ್ರೈವರು ಎದುರಿಗೆ ನಿಂತಿದ್ದ. ಕುಮ್‌ಹೆಲಿಗ್ ದಾಟಿ ಮತ್ತೂ ಆರು ಊರು ಕಳೆದು, ಬಸ್ಸು ಕೆಳಗಿನ ಪೇಟೆಯ ಕೊನೆಯ ನಿಲ್ದಾಣದಲ್ಲಿ ನಿಂತಿತ್ತು. "ನಿಮ್ಮನ್ನ ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ ಅಮ್ಮ, ಅಷ್ಟು ಚೆನ್ನಾಗಿ ಗೊರಕೆ ಹೊಡೀತಿದ್ರಿ," ಎಂದ ಅವನು. ವಾಪಸ್ಸು ಹೋಗುವಾಗ ಟಿಕೆಟ್ಟು ಬೇಡ ಅಂದ.

ನೆಸ್ಟಾಗೆ ಅವಳು ಅಂದೇ ಹೇಳಿದಳು. ನೆಸ್ಟಾ ರಟ್ಟನ್ನು ಎರಡಾಗಿ ಹರಿದು, ಎರಡನ್ನು ನಾಲ್ಕಾಗಿ ಹರಿದು, ಕಸದ ಬುಟ್ಟಿಗೆ ಹಾಕಿದಳು. ನನಗಾದರೂ ಹೇಳಬಹುದಿತ್ತಲ್ಲ, ನಿನ್ನ ಮಗಳ ಹೆರಿಗೆ ಮಾಡಿಸಿದವಳು ನಾನು, ಎಂದಳು. ಅದೇ ಅವಳಿಗೆ ಎಲ್ಲಕ್ಕಿಂತ ದೊಡ್ಡ ನೋವಾಗಿತ್ತು. ಮರುದಿನ ಬೆಳಿಗ್ಗೆ ಸಿಟ್ಟು ಪೂರ್ತಿ ಇಳಿಯದಿದ್ದರೂ ಏಣಿ ತಂದು, ಅಟ್ಟ ಹತ್ತಿ, ಹೊದಿಕೆಯ ಗಂಟನ್ನು ಇಳಿಸಿಕೊಟ್ಟವಳು ಅವಳೇ.

ಶನಿವಾರ ಸಭಾಂಗಣ ತುಂಬಿತ್ತು. ದೂರದೂರಿಗೆ ಹೋಗಿ ನೆಲೆಸಿದವರೂ ಬಂದಿದ್ದರು. ಒಣದ್ರಾಕ್ಷಿ ಹಾಕಿ ಹಂಚಿನ ಮೇಲೆ ಬೇಯಿಸಿದ ಸಿಹಿ ಬಿಲ್ಲೆಗಳ ವಾಸನೆ ಮೆಟ್ಟಿಲವರೆಗೂ ಇತ್ತು. ಹಾಡು ಮುಗಿದ ಮೇಲೆ ನೆಸ್ಟಾ, ಮೆನ್ನಾ ಎರಡು ಮಾತು ಹೇಳುತ್ತಾಳೆ ಎಂದು ಹೇಳಿ ಪಕ್ಕಕ್ಕೆ ಸರಿದಳು. ಎಮ್ರಿಸನ ಬಗ್ಗೆ ಮಾತಾಡುತ್ತಾಳೆ ಎಂದುಕೊಂಡು ಎಲ್ಲರೂ ಮುಖ ಮೃದು ಮಾಡಿಕೊಂಡರು. ಮೆನ್ನಾ ಮೇಜಿನ ಮೇಲೆ ಗಂಟು ಬಿಚ್ಚಿ ಬಾವುಟ ಹರವಿದಳು. ಕೆಂಪು ಬಣ್ಣ ಅಟ್ಟದ ಕತ್ತಲಿನಲ್ಲಿ ಒಂದಿಷ್ಟೂ ಮಾಸಿರಲಿಲ್ಲ. ಮುಂದಿನ ಸಾಲಿನಲ್ಲಿ ಯಾರದೋ ಕೈಯಿಂದ ತಟ್ಟೆ ಜಾರಿತು. ಬೇಲಿಯ ಮುಂದೆ ಹೇಳಿದ್ದಕ್ಕಿಂತ ಈ ಸಲ ಕಡಿಮೆ ಮಾತಿನಲ್ಲಿ ಹೇಳಿದಳು. ನಿದ್ದೆ ಬಂದಿತ್ತು ಎಂಬುದನ್ನು ಒಂದೇ ಸಲ ಹೇಳಿದಳು.

ಯಾರೂ ಕೂಗಾಡಲಿಲ್ಲ. ಕೆಲವರು ಎದ್ದು ಹೊರಗೆ ಹೋದರು. ಅವರಲ್ಲಿ ಇಬ್ಬರು ಇನ್ನೂ ಅವಳೊಂದಿಗೆ ಮಾತಾಡಿಲ್ಲ. ಒಬ್ಬ ಮುದುಕಿ ಬಂದು ಸುಟ್ಟ ಅಂಚನ್ನು ಬೆರಳಿನಿಂದ ಸವರಿ, ಕುಚ್ಚು ಚೆನ್ನಾಗಿ ಹೊಲಿದಿದ್ದೀಯ ಅಂದಳು. ಕೊನೆಗೆ ಟ್ರೆಫರ್ ಎದ್ದು ನಿಂತ. ಅವತ್ತು ಪ್ರಾಸರ್ ಮನೆಗೆ ಮೊದಲ ಕಲ್ಲು ಬೀಸಿದವನು ಅವನು, ಅದನ್ನು ಯಾವತ್ತೂ ಮುಚ್ಚಿಟ್ಟವನಲ್ಲ. ಬಾಗಿಲಿಗೆ ಹೋಗಿ ಬಾವುಟ ಎಲ್ಲಿ ಎಂದು ಕೇಳಿದವನೂ ಅವನೇ. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು, ಉಸಿರು ಕೂಡಿಸಿಕೊಂಡು, ಸಭೆಯಲ್ಲಿ ಮಾತಾಡುವಾಗ ಹೇಗೋ ಹಾಗೆ ಮಾತಾಡಿದ.

"ಅವನು ಕೆಲಸಕ್ಕೆ ಹೋದದ್ದು ಹೋದದ್ದೇ. ಅದನ್ನ ನಾನು ಅಳಿಸೋಕಾಗಲ್ಲ, ಅಳಿಸೋದೂ ಇಲ್ಲ. ಬಾವುಟದ್ದು ಬೇರೆ. ಬಾವುಟದ್ದು ನಾನು ಹೊರಿಸಿದ್ದು. ಅದು ತಪ್ಪು ಅಂತ ಬರ್ಕೊಳ್ಳಿ."

ನೆಸ್ಟಾ ನಿಜಕ್ಕೂ ಬರೆದುಕೊಂಡಳು. ಬಾವುಟವನ್ನು ವೇದಿಕೆಯ ಹಿಂದಿನ ಗೋಡೆಗೆ ಏರಿಸಿದರು, ತೂತಿನ ಸಮೇತ. ಪೇಟೆಗೆ ಕಳಿಸಿ ರಿಪೇರಿ ಮಾಡಿಸಬೇಕು ಎಂದು ಕೆಲವರು, ಹಾಗೇ ಇರಲಿ ಎಂದು ಕೆಲವರು, ಅಲ್ಲೇ ವಾದಕ್ಕೆ ನಿಂತರು. ಆ ವಾದ ಕೇಳುತ್ತಾ ಮೆನ್ನಾ ಎರಡು ಸಿಹಿ ಬಿಲ್ಲೆ ತಿಂದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ ಎಂಬುದು ಅವಳಿಗೆ ಆಗಲೇ ನೆನಪಾದದ್ದು. ಮಾತಾಡದೆ ಎದ್ದು ಹೋದವರ ಖಾಲಿ ಕುರ್ಚಿಗಳು ಕಣ್ಣಿಗೆ ಬೀಳುತ್ತಲೇ ಇದ್ದವು. ಆದರೂ ಅವಳಿಗೆ ಹಸಿವಾಗಿತ್ತು.

ಹೇಡನ್ ಶನಿವಾರ ಬರಲಿಲ್ಲ. ಭಾನುವಾರವೂ ಬರಲಿಲ್ಲ. ಬುಧವಾರ ಮಧ್ಯಾಹ್ನ, ಊರು ಮಂಪರಿನಲ್ಲಿರುವ ಹೊತ್ತಿಗೆ, ಮೆನ್ನಾಳ ಮನೆಯ ಬಾಗಿಲು ತಟ್ಟಿ, ಸ್ಟೂಟಿನ ಬೀಗದ ಕೈ ಇದೆಯಾ ಎಂದು ಕೇಳಿದ. ಇಸ್ತ್ರಿ ಮಾಡಿದ ಅಂಗಿ, ಟೈ ಹಾಕಿದ್ದ. ಅವಳು ಸ್ಟೂಟಿನ ಬಾಗಿಲು ತೆರೆದು, ಸಭಾಂಗಣದ ದೀಪ ಹಾಕಿ, ತಾನು ಮೆಟ್ಟಿಲ ಬಳಿಯೇ ನಿಂತಳು.

ಅವನು ವೇದಿಕೆಯ ಮುಂದೆ ಹೋಗಿ ಟೋಪಿ ತೆಗೆದ. ತುಂಬ ಹೊತ್ತು ನೋಡಿದ. ಒಮ್ಮೆ ಎಡಕ್ಕೆ ಸರಿದು, ಗಳ ಸಿಕ್ಕಿಸುತ್ತಿದ್ದ ಹೊಲಿಗೆಯನ್ನು ಕೈಯೆತ್ತಿ ಮುಟ್ಟಲು ಹೋದ, ಎಟುಕಲಿಲ್ಲ. ಕೆಳಗೆ ಹೊಸ ರಟ್ಟೊಂದಿತ್ತು. ಅದರಲ್ಲಿ ಬಾವುಟ ಹೊತ್ತವರ ಹೆಸರುಗಳನ್ನು ವರ್ಷದ ಪ್ರಕಾರ ಬರೆದಿದ್ದರು. ಕೊನೆಯಲ್ಲಿ 'ಎಮ್ರಿಸ್ ಹಾಪ್ಕಿನ್, ಹೇಡನ್ ಪ್ರಾಸರ್: ೧೯೭೩ರಿಂದ ೧೯೮೫' ಎಂದಿತ್ತು. ಅವನು ಅದನ್ನು ಓದಿದನೋ ಇಲ್ಲವೋ ದೂರದಿಂದ ಮೆನ್ನಾಗೆ ಗೊತ್ತಾಗಲಿಲ್ಲ.

"ನಿನ್ನ ಗಂಡ ಮಹಾ ಜಾಣ ಕಣೆ," ಎಂದ ತಿರುಗದೆ. "ಯಾವಾಗ್ಲೂ ಗಾಳಿ ಬರದ ಕಡೆ ಗಳಾನೇ ಹಿಡೀತಿದ್ದ."

"ಮನೇಲೂ ಹಾಗೇ ಇದ್ದ," ಎಂದಳು ಮೆನ್ನಾ.

ಹೊರಗೆ ಬಂದಾಗ ಬಿಸಿಲು ಬಿದ್ದಿತ್ತು. ಸ್ಟೂಟಿನ ಮುಂದಿನ ಬೆಂಚಿನಲ್ಲಿ ಟ್ರೆಫರ್ ಒಬ್ಬನೇ ಕೂತು ಪೇಪರಿನಲ್ಲಿ ಸುತ್ತಿದ ಆಲೂಗಡ್ಡೆ ಚಿಪ್ಸ್ ತಿನ್ನುತ್ತಿದ್ದ. ಬೆಂಚಿನ ಉಳಿದ ಜಾಗದಲ್ಲೆಲ್ಲ ಅವನ ಟೋಪಿ, ಊರುಗೋಲು, ವಿನೆಗರ್ ಬಾಟಲಿ ಹರಡಿಕೊಂಡಿದ್ದವು. ಹೇಡನ್‌ನನ್ನು ನೋಡಿ ಅವನ ಕೈ ನಿಂತಿತು. ಹೇಡನ್ ಮೆಟ್ಟಿಲ ಮೇಲೆಯೇ ನಿಂತ. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು, ಬಸ್ಸು ನಿಲ್ಲುವುದೂ ಆ ಬೆಂಚಿನ ಮುಂದೆಯೇ.

ಮೆನ್ನಾ ಬಾಗಿಲಿಗೆ ಬೀಗ ಹಾಕಲು ತಿರುಗಿದಳು. ಹಳೆಯ ಬೀಗ, ಬೇಗ ಕೂರುವುದಿಲ್ಲ. ಅವಳೂ ಅವಸರ ಮಾಡಲಿಲ್ಲ. ಮತ್ತೆ ಇತ್ತ ತಿರುಗಿದಾಗ ಟ್ರೆಫರ್ ಟೋಪಿಯನ್ನು ತಲೆಗೆ ಹಾಕಿಕೊಂಡಿದ್ದ, ಊರುಗೋಲನ್ನು ಮೊಣಕಾಲಿಗೆ ಒರಗಿಸಿದ್ದ. ಈಗ ವಿನೆಗರ್ ಬಾಟಲಿಯನ್ನು ಎತ್ತಿ, ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಒಂದು ಕ್ಷಣ ಕೈಯಲ್ಲೇ ಹಿಡಿದು, ಆಮೇಲೆ ನೆಲದ ಮೇಲೆ ಕಾಲ ಬಳಿ ಇಟ್ಟ.